ಮನೆ ಹಲವು, ಅಡಿಪಾಯ ಒಂದೇ?

ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡ ಮೇಲೂ ಬಾವಿ ಮತ್ತು ದಾರಿ ಎಲ್ಲರಿಗೂ ಸೇರಿದ್ದೆಂದು ಕರಾರು ಬರೆದುಕೊಳ್ಳುವುದು ನಮ್ಮ ಹಳ್ಳಿಗಳಲ್ಲಿ ಹೊಸತಲ್ಲ. ಗಣಕ ಲೋಕದಲ್ಲೂ ಅಂಥದೊಂದು ಕರಾರು ನಡೆದಿತ್ತು. ಅದು ಲಿನಕ್ಸ್ ಬಳಗದ ಕತೆ.

ಈ ಕತೆಗೆ ಒಂದು ಹಿನ್ನೆಲೆಯಿದೆ. 1980ರ ದಶಕದಲ್ಲಿ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಹತ್ತಾರು ಕಂಪೆನಿಗಳು ತಂತಮ್ಮ ರೀತಿಯಲ್ಲಿ ತಿದ್ದಿ ಮಾರುತ್ತಿದ್ದವು. ಒಂದರಲ್ಲಿ ನಡೆದ ತಂತ್ರಾಂಶ ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. 1988ರಲ್ಲಿ ‘ಪೋಸಿಕ್ಸ್’ ಎಂಬ ಮಾನಕವೇನೋ ಬಂತು. ಆದರೆ ಅದೇ ವರ್ಷ ಐಬಿಎಂ ಮೊದಲಾದ ಕಂಪೆನಿಗಳು ಒಂದು ಬಣವಾದರೆ, ಎಟಿ ಅಂಡ್ ಟಿ ಮತ್ತು ಸನ್ ಇನ್ನೊಂದು ಬಣವಾದವು. ಈ ಜಗಳವೂ ಮೈಕ್ರೋಸಾಫ್ಟ್‌ಗೆ ದಾರಿ ಸುಗಮ ಮಾಡಿಕೊಟ್ಟಿತು.

1991ರಲ್ಲಿ ಫಿನ್‌ಲೆಂಡ್‌ನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಲಿನಕ್ಸನ್ನು ಹೊರತಂದರು. ಅವರು ಕೊಟ್ಟದ್ದು ತಿರುಳು ಮಾತ್ರ. ಅದಕ್ಕೆ ಬೇಕಾದ ಉಳಿದ ತಂತ್ರಾಂಶಗಳನ್ನು ಜೋಡಿಸಿ ಸ್ಲ್ಯಾಕ್‌ವೇರ್, ಡೆಬಿಯನ್, ರೆಡ್ ಹ್ಯಾಟ್, ಸೂಸೆ ಮುಂತಾದ ‘ವಿತರಣೆ’ಗಳು ಹುಟ್ಟಿದವು. ಯಾರು ಬೇಕಾದರೂ ತಿದ್ದಬಹುದು, ಹಂಚಬಹುದು ಎಂಬುದೇ ಇದರ ಪರವಾನಗಿಯ ಜೀವಾಳ. ಹಾಗಾಗಿ ಬೇರೆಯಾಗುವುದನ್ನು ತಡೆಯುವವರು ಯಾರೂ ಇರಲಿಲ್ಲ. ಯುನಿಕ್ಸ್‌ಗೆ ಬಂದ ಗತಿಯೇ ಲಿನಕ್ಸ್‌ಗೂ ಬಂದೀತೆಂಬ ಭಯ ಆಗಲೇ ಶುರುವಾಯಿತು.

ಮೊದಲ ಕರಾರು ಆದದ್ದು 1994ರಲ್ಲಿ. ನೆಂಟರ ಅಡುಗೆಮನೆ ಹೊಕ್ಕವರು ಉಪ್ಪಿನ ಡಬ್ಬಿಗಾಗಿ ತಡಕಾಡುವುದಿಲ್ಲವೇ? ಹಾಗೆಯೇ ಒಂದೊಂದು ವಿತರಣೆ ಒಂದೊಂದು ಜಾಗದಲ್ಲಿ ಕಡತಗಳನ್ನು ಇಡುತ್ತಿತ್ತು. ಯಾವ ಕಡತ ಎಲ್ಲಿರಬೇಕೆಂದು ಹೊಸ ಮಾನಕ ಗೊತ್ತುಮಾಡಿತು. ವ್ಯವಸ್ಥೆಯ ಹೊಂದಾಣಿಕೆಗಳು ‘ಇಟಿಸಿ’ಯಲ್ಲಿ, ದಿನವೂ ಬದಲಾಗುವ ದಾಖಲೆಗಳು ‘ವಾರ್’ನಲ್ಲಿ. ಇಂದಿಗೂ ಹೆಚ್ಚಿನ ವಿತರಣೆಗಳು ಈ ಕ್ರಮವನ್ನೇ ಬಹುಮಟ್ಟಿಗೆ ಪಾಲಿಸುತ್ತಿವೆ.

ಇನ್ನೂ ದೊಡ್ಡ ಹೆಜ್ಜೆಯೆಂದರೆ 1998ರಲ್ಲಿ ಆರಂಭವಾದ ‘ಲಿನಕ್ಸ್ ಸ್ಟ್ಯಾಂಡರ್ಡ್ ಬೇಸ್’. ಒಮ್ಮೆ ಸಿದ್ಧಪಡಿಸಿದ ತಂತ್ರಾಂಶ ಎಲ್ಲ ವಿತರಣೆಗಳಲ್ಲೂ ಹಾಗೆಯೇ ಓಡಬೇಕು ಎಂಬುದು ಇದರ ಗುರಿ. ಮೊದಲ ಆವೃತ್ತಿ 2001ರಲ್ಲಿ ಬಂತು. 2006ರಲ್ಲಿ ಇದು ಅಂತರರಾಷ್ಟ್ರೀಯ ಮಾನಕವೂ ಆಯಿತು. ಆದರೆ ತಂತ್ರಾಂಶದ ಪೊಟ್ಟಣ ಯಾವ ಬಗೆಯದಾಗಿರಬೇಕೆಂಬ ಪ್ರಶ್ನೆಗೆ ಅದು ರೆಡ್ ಹ್ಯಾಟ್‌ನಲ್ಲಿ ಹುಟ್ಟಿದ ‘ಆರ್‌ಪಿಎಂ’ ಮಾದರಿಯನ್ನು ಆರಿಸಿತು. ತನ್ನದೇ ಪೊಟ್ಟಣವಿದ್ದ ಡೆಬಿಯನ್ ‘ಏಲಿಯನ್’ ಎಂಬ ಪರಿವರ್ತಕದ ಮೂಲಕ ಹೊಂದಿಕೊಳ್ಳಬೇಕಾಯಿತು. ಎಲ್ಲರದೂ ಎಂದ ಕರಾರಿನಲ್ಲಿ ಒಬ್ಬರ ಪದ್ಧತಿಗೇ ಮಣೆ ಹಾಕಿದಂತಾಯಿತು.

2002ರಲ್ಲಿ ಅಮೆರಿಕದ ಕಾಲ್ಡೆರಾ, ಜರ್ಮನಿಯ ಸೂಸೆ, ಜಪಾನಿನ ಟರ್ಬೊಲಿನಕ್ಸ್ ಹಾಗೂ ಬ್ರೆಜಿಲ್‌ನ ಕೊನೆಕ್ಟಿವಾ ಸೇರಿ ‘ಯುನೈಟೆಡ್ ಲಿನಕ್ಸ್’ ಕಟ್ಟಿದವು. ರೆಡ್ ಹ್ಯಾಟ್ ಹೊರಗೇ ಉಳಿಯಿತು. ಎಸ್‌ಸಿಒ ಎಂದು ಹೆಸರು ಬದಲಿಸಿಕೊಂಡ ಕಾಲ್ಡೆರಾ 2003ರಲ್ಲಿ ಲಿನಕ್ಸ್ ವಿಚಾರವಾಗಿ ಐಬಿಎಂ ಮೇಲೆ ದಾವೆ ಹೂಡಿತು. ಒಕ್ಕೂಟದ ಕತೆ ಅಲ್ಲಿಗೆ ಮುಗಿಯಿತು.

ಸ್ಟ್ಯಾಂಡರ್ಡ್ ಬೇಸ್‌ನ ಐದನೇ ಆವೃತ್ತಿ ಹೊರಬಂದದ್ದು 2015ರಲ್ಲಿ. ಅದೇ ವರ್ಷ ಡೆಬಿಯನ್ ಇದರ ಸಹವಾಸ ಬಿಟ್ಟಿತು. ಆ ಹೊತ್ತಿಗೆ ಪ್ರಮಾಣಪತ್ರ ಪಡೆದು ಪಟ್ಟಿಯಲ್ಲಿದ್ದ ತಂತ್ರಾಂಶಗಳು ಕೇವಲ ಎಂಟು! ಮಾನಕ ಬರೆದವರ ಶ್ರಮ ದೊಡ್ಡದು, ಬಳಸಿದವರು ಬೆರಳೆಣಿಕೆಯಷ್ಟು. ಹೆಚ್ಚಿನ ಮುಕ್ತ ತಂತ್ರಾಂಶಗಳ ಆಕರ ಸಂಕೇತ ಎಲ್ಲರಿಗೂ ಸಿಗುವುದರಿಂದ ಪ್ರತಿ ವಿತರಣೆಯೂ ತನಗೆ ಬೇಕಾದಂತೆ ಅವನ್ನು ಸಿದ್ಧಪಡಿಸಿಕೊಳ್ಳುತ್ತಿತ್ತು. ಸಿದ್ಧ ರೂಪದ ಮಾನಕ ಬೇಕಿದ್ದದ್ದು ಮುಖ್ಯವಾಗಿ ಸಂಕೇತ ಬಿಟ್ಟುಕೊಡದ ವ್ಯಾಪಾರಿಗಳಿಗೆ. ಅವರಲ್ಲಿ ಅನೇಕರು ಒಂದೆರಡು ದೊಡ್ಡ ವಿತರಣೆಗಳನ್ನೇ ನೆಚ್ಚಿಕೊಂಡರು.

ಈಗ ಬೇರೆ ಉಪಾಯ ಬಂದಿದೆ. 2013ರಲ್ಲಿ ಬಂದ ಡಾಕರ್, ನಂತರದ ಫ್ಲ್ಯಾಟ್‌ಪ್ಯಾಕ್ ಮುಂತಾದವುಗಳಲ್ಲಿ ತಂತ್ರಾಂಶ ತನಗೆ ಬೇಕಾದ ಸರಂಜಾಮನ್ನು ಬುತ್ತಿಯಂತೆ ಕಟ್ಟಿಕೊಂಡೇ ಬರುತ್ತದೆ. ಯಾರ ಮನೆಯ ಉಪ್ಪಿಗೂ ಕಾಯಬೇಕಿಲ್ಲ. ಆದರೆ ಬುತ್ತಿ ಭಾರ. ಒಳಗಿನ ಒಂದು ಸಾಮಗ್ರಿಯಲ್ಲಿ ಸುರಕ್ಷತೆಯ ದೋಷ ಕಂಡರೆ, ಅದನ್ನು ಕಟ್ಟಿಕೊಂಡ ಪ್ರತಿಯೊಂದು ಬುತ್ತಿಯನ್ನೂ ಬಿಚ್ಚಿ ಸರಿಪಡಿಸಬೇಕು. ಹಂಚಿಕೊಂಡ ಬಾವಿಯಾದರೆ ಒಮ್ಮೆ ಶುಚಿ ಮಾಡಿದರೆ ಸಾಕಿತ್ತು.