ಹಾಡಿನ ಹೆಸರು ಬರೆದದ್ದು ಯಾರು, ಮಾರಿದ್ದು ಯಾರು?

ಹೋದ ಪೆರ್ನಾಲ್‌ಗೆ ಮಂಜೇಶ್ವರದ ಮನೆಯಲ್ಲಿ ಎಲ್ಲರೂ ಸೇರಿದ್ದಾಗ ತಂಗಿಯ ಮಗ ಒಂದು ಮಾತು ಎತ್ತಿದ. ಉಮ್ಮ ಹಾಡಿದ ಮದುವೆ ಹಾಡುಗಳನ್ನು ಅವನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದಾನೆ. "ಮಾಮ, ಒಂದು ಆ್ಯಪ್‌ನವರು ಕೇಳ್ತಿದ್ದಾರೆ. ಫ್ರೀಯಾಗಿ ಹಾಕ್ತಾರಂತೆ, ಕೊಡ್ಲಾ?"

ನಾನು ಅವನಿಗೆ ಸಿಡಿಗಳ ಕಥೆ ಹೇಳಿದೆ.

ಗಲ್ಫ್‌ನಿಂದ ಬರುವವರ ಪೆಟ್ಟಿಗೆಯಲ್ಲಿ ಸಿಡಿಗಳಿರುತ್ತಿದ್ದ ಕಾಲ ನಮ್ಮ ವಯಸ್ಸಿನವರಿಗೆ ನೆನಪಿರಬಹುದು. ಸಾಮಾನ್ಯ ಆಡಿಯೋ ಸಿಡಿಯೊಳಗೆ ಹಾಡಿನ ಹೆಸರೇ ಇರುತ್ತಿರಲಿಲ್ಲ. ಎಷ್ಟು ಹಾಡು, ಪ್ರತಿಯೊಂದು ಎಲ್ಲಿ ಶುರುವಾಗುತ್ತದೆ ಎಂಬುದಷ್ಟೇ ಇರುತ್ತಿತ್ತು. ಆ ಲೆಕ್ಕವನ್ನೇ ಗುರುತಾಗಿ ಹಿಡಿದು ಟಿ ಕಾನ್ ಮತ್ತು ಸ್ಟೀವ್ ಶೆರ್ಫ್ ಎಂಬವರು 1990ರ ದಶಕದಲ್ಲಿ ಸಿಡಿಡಿಬಿ ಎಂಬ ಹೆಸರುಪಟ್ಟಿ ಕಟ್ಟಿದರು. ಸಿಡಿ ಹಾಕಿದವರು ಹಿಂಬದಿಯ ಕಾಗದ ನೋಡಿ ಹಾಡಿನ ಹೆಸರುಗಳನ್ನು ಟೈಪ್ ಮಾಡಿ ಕಳಿಸುವುದು. ಆಮೇಲೆ ಅದೇ ಸಿಡಿ ಹಾಕಿದ ಬೇರೊಬ್ಬನಿಗೆ ಹೆಸರು ತಾನಾಗಿ ಕಾಣುವುದು. ಹಾಗೆ ಸಾವಿರಾರು ಜನ ಸಂಬಳವಿಲ್ಲದೆ ಬರೆದರು.

1998ರಲ್ಲಿ ಇದು ಎಸ್ಸಿಯೆಂಟ್ ಎಂಬ ಕಂಪನಿಗೆ ಮಾರಾಟವಾಯಿತು. ಮುಂದೆ ಗ್ರೇಸ್‌ನೋಟ್ ಎಂದು ಹೆಸರು ಬದಲಾಯಿತು. 2001ರಲ್ಲಿ ಲೈಸೆನ್ಸ್ ಇಲ್ಲದ ತಂತ್ರಾಂಶಗಳಿಗೆ ಬಾಗಿಲು ಹಾಕಿದರು. ಬರೆದವರಿಗೆ ಸಿಟ್ಟು ಬಂತು. ನಮ್ಮ ಕೈಯಲ್ಲೇ ಬಾವಿ ತೋಡಿಸಿ ನೀರಿಗೆ ಬೀಗ ಹಾಕಿದ ಹಾಗೆ. 2008ರಲ್ಲಿ ಸೋನಿ ಆ ಕಂಪನಿಯನ್ನು ಸುಮಾರು 26 ಕೋಟಿ ಡಾಲರಿಗೆ ಕೊಂಡಿತು.

ಸರ್ವರ್ ಓಡಿಸಲು ದುಡ್ಡು ಬೇಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ತಕರಾರು ದುಡ್ಡಿನದ್ದಲ್ಲ, ಮೊದಲೇ ಹೇಳದೆ ಇದ್ದದ್ದರದ್ದು.

ಸಿಟ್ಟಾದವರು ಸುಮ್ಮನೆ ಕೂರಲಿಲ್ಲ. ಹಳೆಯ ಪಟ್ಟಿಯಿಂದ ಫ್ರೀಡಿಬಿ ಹುಟ್ಟಿತು, 2020ರಲ್ಲಿ ಮುಚ್ಚಿತು. ರಾಬರ್ಟ್ ಕೇ ಶುರು ಮಾಡಿದ ಮ್ಯೂಸಿಕ್‌ಬ್ರೈನ್ಜ್ ಇಂದಿಗೂ ನಡೆಯುತ್ತಿದೆ. ಅಲ್ಲಿ ಮುಖ್ಯ ಮಾಹಿತಿಯ ಮೇಲೆ ಯಾರಿಗೂ ಹಕ್ಕಿಲ್ಲ ಎಂದು ಬರೆದಿಟ್ಟಿದ್ದಾರೆ. ಆದ್ದರಿಂದ ಮಾರಿದರೂ ಬೀಗ ಹಾಕಲಾಗದು. ಅದನ್ನು ಬಳಸಿ ವ್ಯಾಪಾರ ಮಾಡುವ ಕಂಪನಿಗಳಿಂದ ಲಾಭರಹಿತ ಸಂಸ್ಥೆಯೊಂದು ಹಣ ಪಡೆದು ಖರ್ಚು ನೋಡಿಕೊಳ್ಳುತ್ತದೆ. ದುಡ್ಡೂ ಬರುತ್ತದೆ, ಬಾಗಿಲೂ ತೆರೆದಿದೆ!

ಹುಡುಗ ಕೇಳಿದ, "ಹಾಗಾದ್ರೆ ಕೊಡೋದು ಬೇಡ್ವಾ?"

ಕೊಡು, ಆದರೆ ಮೂಲ ರೆಕಾರ್ಡಿಂಗ್ ನಮ್ಮಲ್ಲೇ ಇರಲಿ, ಬೇರೆಯವರಿಗೂ ಕೊಡುವ ಹಕ್ಕು ನಮಗೆ ಉಳಿಯುತ್ತದಾ ಎಂದು ಷರತ್ತು ಓದಿ ನೋಡು ಎಂದೆ. ಬ್ಯಾರಿ ಹಾಡುಗಳಲ್ಲಿ ಬರೆದಿಟ್ಟವು ಕಡಿಮೆ. ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಬಂದವು. ಮೊದಲು ದಾಖಲಿಸಿದವನೇ ಒಡೆಯ ಎಂದು ಯಾರಾದರೂ ಹೇಳಿದರೆ ಎದುರು ತೋರಿಸಲು ನಮ್ಮಲ್ಲಿ ಕಾಗದ ಎಲ್ಲಿದೆ?

ಉಮ್ಮ ಅಡುಗೆಮನೆಯಿಂದಲೇ ಎಲ್ಲ ಕೇಳುತ್ತಿದ್ದರು. "ಅದು ನಾನು ಕಟ್ಟಿದ ಹಾಡಲ್ಲ, ನನ್ನ ಉಮ್ಮ ಹೇಳಿಕೊಟ್ಟದ್ದು" ಎಂದರು.

ಆ್ಯಪ್‌ನವರ ಷರತ್ತಿನ ಕಾಗದ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಹನ್ನೊಂದು ಹಾಡುಗಳ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆಸಿಕೊಳ್ಳುತ್ತಿದ್ದೇವೆ. ನಾಲ್ಕನೆಯದರ ಕೊನೆ ಉಮ್ಮನಿಗೆ ನೆನಪಾಗುತ್ತಿಲ್ಲ. ಉಪ್ಪಳದಲ್ಲಿರುವ ಅವರ ತಂಗಿಯನ್ನು ಕೇಳಬೇಕು.