ಅಶ್ವಶಕ್ತಿ ಅಳೆಯುವ ತಕ್ಕಡಿ

1999ರಲ್ಲಿ ಅಮೆರಿಕದ ಫೋರ್ಡ್ ಕಂಪನಿ ಮಸ್ಟಾಂಗ್ ಕೋಬ್ರಾ ಎಂಬ ಕಾರನ್ನು 320 ಅಶ್ವಶಕ್ತಿಯದೆಂದು ಸಾರಿ ಮಾರಿತು. ಕೊಂಡವರಲ್ಲಿ ಕೆಲವರಿಗೆ ಅನುಮಾನ ಬಂತು. ಡೈನಮೋಮೀಟರ್ ಎಂಬ ಯಂತ್ರದ ಉರುಳೆಗಳ ಮೇಲೆ ಕಾರನ್ನು ಓಡಿಸಿ ನೋಡಿದರು. ಹೇಳಿದಷ್ಟು ಶಕ್ತಿ ಇರಲಿಲ್ಲ. ಕಂಪನಿ ಮಾರಾಟ ನಿಲ್ಲಿಸಿ, ಮಾರಿದ ಕಾರುಗಳನ್ನು ತನ್ನ ಖರ್ಚಿನಲ್ಲೇ ಸರಿಪಡಿಸಿಕೊಡಬೇಕಾಯಿತು. ಗಿರಾಕಿಯೇ ತೂಗಿ ನೋಡಿ ಅಂಗಡಿಯವನನ್ನು ಹಿಡಿದ ಪ್ರಸಂಗವಿದು. ಆದರೆ ಆ ತಕ್ಕಡಿಯನ್ನಾದರೂ ಎಷ್ಟು ನಂಬಬಹುದು?

ಅಶ್ವಶಕ್ತಿ ಹುಟ್ಟಿದ್ದೇ ವ್ಯಾಪಾರದಲ್ಲಿ. 1780ರ ದಶಕದಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರವನ್ನು, ಕುದುರೆ ಕಟ್ಟಿ ಗಿರಣಿ ತಿರುಗಿಸುತ್ತಿದ್ದವರಿಗೆ ಮಾರಬೇಕಿತ್ತು. ಅವರಿಗೆ ತಿಳಿಯುವ ಲೆಕ್ಕ ಕುದುರೆಯದೇ. 33,000 ಪೌಂಡ್ ಭಾರವನ್ನು ನಿಮಿಷದಲ್ಲಿ ಒಂದಡಿ ಎತ್ತಿದರೆ ಒಂದು ಅಶ್ವಶಕ್ತಿ ಎಂದು ವಾಟ್ ನಿಗದಿಮಾಡಿದ. ದಿನವಿಡೀ ಹೀಗೆ ದುಡಿಯುವ ಕುದುರೆ ಸಿಗುವುದು ಕಷ್ಟ!

1821ರಲ್ಲಿ ಫ್ರಾನ್ಸಿನ ಪ್ರೋನಿ, ತಿರುಗುವ ದಂಡಕ್ಕೆ ಮರದ ತುಂಡುಗಳನ್ನು ಬಿಗಿದು, ಅದಕ್ಕೆ ಕೂಡಿಸಿದ ಸನ್ನೆಯ ತುದಿಗೆ ತೂಕ ನೇತುಹಾಕಿ ಶಕ್ತಿ ಅಳೆದ. 'ಬ್ರೇಕ್ ಹಾರ್ಸ್‌ಪವರ್' ಎಂಬ ಮಾತಿನ ಮೂಲ ಈ ಬಗೆಯ ಬ್ರೇಕು. ಮರ ಬಿಸಿಯೇರಿ ಹೊಗೆಯಾಡುತ್ತಿತ್ತು. 1877ರಲ್ಲಿ ಇಂಗ್ಲೆಂಡಿನ ವಿಲಿಯಂ ಫ್ರೂಡ್ ಮರದ ಬದಲು ನೀರನ್ನು ಬಳಸಿದ.

ಯಂತ್ರ ಸುಧಾರಿಸಿದರೂ ತಕರಾರು ಮುಗಿಯಲಿಲ್ಲ. 1971ರಲ್ಲಿ 365 ಅಶ್ವಶಕ್ತಿಯೆನಿಸಿದ್ದ ಕ್ಯಾಡಿಲಾಕ್ ಎಲ್ಡೊರಾಡೊ 1972ರಲ್ಲಿ 235ಕ್ಕೆ ಇಳಿಯಿತು. ಎಂಜಿನ್ನು ಹೆಚ್ಚುಕಡಿಮೆ ಅದೇ. ಮೊದಲು ಫ್ಯಾನು, ಏರ್ ಫಿಲ್ಟರ್, ಸೈಲೆನ್ಸರ್ ಯಾವುದೂ ಇಲ್ಲದ ಬರಿಯ ಎಂಜಿನ್ನನ್ನು ಅಳೆಯುತ್ತಿದ್ದರು. ಆಮೇಲೆ ಅವೆಲ್ಲವನ್ನೂ ಜೋಡಿಸಿ ಅಳೆದರು, ಅಷ್ಟೇ.

ಈಗಿನ ಗ್ಯಾರೇಜುಗಳ ಡೈನಮೋಮೀಟರ್ ಅಳೆಯುವುದು ಚಕ್ರಕ್ಕೆ ಬಂದು ಮುಟ್ಟಿದ ಶಕ್ತಿಯನ್ನು. ಗೇರ್‌ಬಾಕ್ಸೂ ಟೈರೂ ತಮ್ಮ ಪಾಲು ತಿಂದು ಬಿಟ್ಟದ್ದು ಅದು. ಅದಕ್ಕೆ ಇಂತಿಷ್ಟು ಸೇಕಡಾ ಕೂಡಿಸಿ ಎಂಜಿನ್ನಿನ ಶಕ್ತಿ ಹೇಳುವುದು ಅಂದಾಜೇ ಹೊರತು ಅಳತೆಯಲ್ಲ. ಟೈರಿನ ಗಾಳಿ ಕಡಿಮೆಯಾದರೆ, ಕಾರನ್ನು ಬಿಗಿದ ಪಟ್ಟಿ ಹೆಚ್ಚು ಎಳೆದರೆ, ಅಂಕಿ ಇಳಿಯುತ್ತದೆ.

ಹವೆಯೂ ಆಟವಾಡಿಸುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ಟರ್ಬೊ ಇಲ್ಲದ ಎಂಜಿನ್ನು ಮಂಗಳೂರಿನಲ್ಲಿ ಕೊಟ್ಟಷ್ಟು ಶಕ್ತಿ ಕೊಡದು. ಅದಕ್ಕೆಂದೇ 25 ಡಿಗ್ರಿ ಉಷ್ಣತೆಯಂಥ ನಿಗದಿತ ಸ್ಥಿತಿಗೆ ಅಂಕಿಯನ್ನು ತಿದ್ದುತ್ತಾರೆ. ಅದೇ ತಿದ್ದುಪಡಿಯನ್ನು ಟರ್ಬೊ ಎಂಜಿನ್ನಿಗೂ ಹಚ್ಚಿದರೆ ಇಲ್ಲದ ಕುದುರೆಗಳು ಲಾಯದಲ್ಲಿ ಕಾಣಿಸಿಕೊಳ್ಳಬಹುದು.

ಪಳಗಿದ ಮೆಕ್ಯಾನಿಕ್ಕು ಎಂಜಿನ್ನನ್ನು ಹದವಾಗಿ ಬಿಸಿಮಾಡಿ, ಅದೇ ಯಂತ್ರದ ಮೇಲೆ, ಅದೇ ಗೇರಿನಲ್ಲಿ ಮೂರು ಸಲ ಓಡಿಸುತ್ತಾನೆ. ಮೂರೂ ಅಂಕಿಗಳು ಹತ್ತಿರ ಬಂದರೆ ಮಾತ್ರ ಚೀಟಿ ಹರಿದು ಗಿರಾಕಿಯ ಕೈಗೆ ಕೊಡುತ್ತಾನೆ.