ಸೂಸಾ ವಾದ್ಯವೃಂದವೂ ಅದರ ಪ್ರಚಾರಕರೂ

ಸಂಗೀತದ ಚರಿತ್ರೆಯನ್ನು ಬರೆದವರು ವಾದಕರನ್ನು ಕುರಿತು ಬರೆದಿದ್ದಾರೆ. ಸಂಗೀತ ರಚಿಸಿದವರನ್ನು ಕುರಿತು ಬರೆದಿದ್ದಾರೆ. ಆಶ್ರಯವಿತ್ತ ಅರಸರನ್ನು ಕುರಿತೂ ಬೇಕಾದಷ್ಟು ಬರೆದಿದ್ದಾರೆ. ಕಚೇರಿಗೆ ಕೆಲವು ದಿನ ಮುಂಚೆ ಊರಿಗೆ ಬಂದು, ಗೋಡೆಗಳಿಗೆ ಭಿತ್ತಿಪತ್ರ ಅಂಟಿಸುವ ಏರ್ಪಾಡು ಮಾಡಿ, ಪತ್ರಿಕಾ ಸಂಪಾದಕನ ಮೇಜಿನ ಮೇಲೆ ಸಿದ್ಧವಾದ ಬರಹವೊಂದನ್ನಿರಿಸಿ, ವಾದಕರು ರೈಲಿನಿಂದ ಇಳಿಯುವ ಹೊತ್ತಿಗೆ ಮುಂದಿನ ಊರಿಗೆ ಹೊರಟುಹೋಗಿರುತ್ತಿದ್ದ ಸಂಬಳದ ಪ್ರಚಾರಕನನ್ನು ಕುರಿತು ಬರೆದವರು ವಿರಳ. ಅದಕ್ಕೆ ಕಾರಣವೂ ಉಂಟು. ತನ್ನ ಕೈವಾಡ ಕಾಣದಂತೆ ಕೆಲಸ ಮಾಡುವುದೇ ಅವನ ವೃತ್ತಿಯ ಕೌಶಲ. ಕಾಣಿಸಿಕೊಂಡರೆ ಅವನು ಬರೆದುದನ್ನು ಯಾರೂ ನಂಬುವುದಿಲ್ಲ. ಹೀಗಾಗಿ ಚರಿತ್ರಕಾರನು ಅನೇಕ ವೇಳೆ ಅವನ ಬರಹವನ್ನು ಆಧಾರವೆಂದು ಸ್ವೀಕರಿಸಿ, ಅವನನ್ನು ಮಾತ್ರ ಮರೆತುಬಿಡುತ್ತಾನೆ. ಈ ತಪ್ಪನ್ನು ನಾವೂ ಮಾಡಿದ್ದೇವೆ. ಅದನ್ನು ಮುಂದೆ ನಿವೇದಿಸಿಕೊಳ್ಳುತ್ತೇವೆ.

ಇಲ್ಲಿ ಪರಿಶೀಲನೆಗೆ ತೆಗೆದುಕೊಂಡಿರುವುದು ಅಮೆರಿಕಾ ಸಂಯುಕ್ತ ಸಂಸ್ಥಾನದ ಜಾನ್ ಫಿಲಿಪ್ ಸೂಸಾ (೧೮೫೪–೧೯೩೨) ಕಟ್ಟಿ ನಡೆಸಿದ ಬ್ಯಾಂಡು. ೧೮೯೨ರಿಂದ ೧೯೩೧ರವರೆಗೆ ಅದು ಹದಿನೈದು ಸಾವಿರಕ್ಕೂ ಮಿಕ್ಕ ಕಚೇರಿಗಳನ್ನು ನಡೆಸಿತು. ಅದಕ್ಕೆ ಸರ್ಕಾರದ ಸಹಾಯಧನವಿರಲಿಲ್ಲ, ಅರಸನ ಆಶ್ರಯವಿರಲಿಲ್ಲ, ಸೇನೆಯ ಸಂಬಳವಿರಲಿಲ್ಲ. ಹೈಡನ್ನನಿಗೆ ಎಸ್ಟರ್‌ಹಾಜಿ ರಾಜಮನೆತನವಿದ್ದಂತೆ ಸೂಸಾನಿಗೆ ಯಾರೂ ಇರಲಿಲ್ಲ. ಟಿಕೀಟು ಕೊಂಡು ಬರುವ ಅಪರಿಚಿತ ಜನಸಮೂಹವೊಂದೇ ಅವನ ಆಶ್ರಯದಾತ. ಅಂತಹ ಆಶ್ರಯದಾತನನ್ನು ಊರೂರಿನಲ್ಲಿಯೂ ಹೊಸದಾಗಿ ಹುಡುಕಿ ಕರೆತರಬೇಕಾಗಿದ್ದಿತು. ಆ ಹುಡುಕುವ ಕೆಲಸಕ್ಕೆ ನೇಮಕಗೊಂಡವನೇ ಪ್ರಚಾರಕ. ಸ್ವತಂತ್ರವಾದ ವಾದ್ಯವೃಂದವು ಪ್ರಚಾರಕನಿಗೆ ಕೊಟ್ಟ ಹಣವನ್ನು ಆಡಂಬರದ ವೆಚ್ಚವೆಂದು ಎಣಿಸುವುದು ಸರಿಯಲ್ಲ; ಅದು ಆ ಸ್ವಾತಂತ್ರ್ಯಕ್ಕೆ ತೆತ್ತ ಬೆಲೆಯೆಂಬುದು ನಮ್ಮ ಅಭಿಪ್ರಾಯ. ಆ ಬೆಲೆ ಹಣದಲ್ಲಿಯೇ ಮುಗಿಯಲಿಲ್ಲವೆಂಬುದನ್ನೂ ಇಲ್ಲಿ ತೋರಿಸಬೇಕಾಗಿದೆ.

ಸೂಸಾನ ತಂದೆ ವಾಷಿಂಗ್ಟನ್ನಿನ ಮೆರೀನ್ ಬ್ಯಾಂಡಿನಲ್ಲಿ ಟ್ರಾಂಬೋನ್ ನುಡಿಸುತ್ತಿದ್ದವನು. ಮಗನು ೧೮೮೦ರಲ್ಲಿ ಅದೇ ಬ್ಯಾಂಡಿನ ನಾಯಕನಾಗಿ ಹನ್ನೆರಡು ವರ್ಷ ಕೆಲಸ ಮಾಡಿದನು. ಅಷ್ಟರಲ್ಲಿ ಅಧ್ಯಕ್ಷರು ಐವರು ಆಗಿಹೋದರು. ಬ್ಯಾಂಡಿನ ಕೀರ್ತಿ ಬೆಳೆಯಿತು. ನಾಯಕನ ಸಂಪಾದನೆ ಬೆಳೆಯಲಿಲ್ಲ. ೧೮೮೯ರ ಜೂನ್ ತಿಂಗಳಲ್ಲಿ 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆಯವರು ಶಾಲಾಬಾಲಕರಿಗಾಗಿ ನಡೆಸಿದ ಪ್ರಬಂಧ ಸ್ಪರ್ಧೆಯ ಬಹುಮಾನ ಸಮಾರಂಭಕ್ಕೆ ಅವನು ಆ ಪತ್ರಿಕೆಯ ಹೆಸರಿನಲ್ಲಿಯೇ ಒಂದು ಮಾರ್ಚ್ ಗತಿಯ ಕೃತಿಯನ್ನು ರಚಿಸಿಕೊಟ್ಟನು. ಆಗ ತಾನೆ ಬಳಕೆಗೆ ಬರುತ್ತಿದ್ದ ಟೂ-ಸ್ಟೆಪ್ ಎಂಬ ನೃತ್ಯಕ್ಕೆ ಅದು ಹೊಂದಿಕೊಂಡುದರಿಂದ ಅಮೆರಿಕಾ ಯೂರೋಪುಗಳೆರಡರಲ್ಲಿಯೂ ಹಬ್ಬಿತು. ಪತ್ರಿಕೆಗೆ ಇದಕ್ಕಿಂತ ಅಗ್ಗದ ಜಾಹೀರಾತು ದೊರೆತಿರಲಾರದು. ಪ್ರಕಾಶಕನಿಗೂ ಲಾಭವಾಯಿತು. ಆದರೆ ಸೂಸಾ ಅದರ ಸಂಪೂರ್ಣ ಹಕ್ಕನ್ನು ೩೫ ಡಾಲರುಗಳಿಗೆ ಮಾರಿಬಿಟ್ಟಿದ್ದನು. 'ಮಾರ್ಚುಗಳ ದೊರೆ' ಎಂಬ ಬಿರುದು ಬಂದುದೂ ಈ ಕಾಲದಲ್ಲಿಯೇ. ಯೋಹಾನ್ ಸ್ಟ್ರಾಸನು ವಾಲ್ಟ್ಸ್‌ಗಳ ದೊರೆಯಾದರೆ ಇವನು ಮಾರ್ಚುಗಳ ದೊರೆಯೆಂದು ಇಂಗ್ಲೆಂಡಿನ ಪತ್ರಿಕಾಲೇಖಕನೊಬ್ಬನು ಬರೆದನು. ಬಿರುದು ದೊರೆಯದು, ಸಂಬಳ ಗುಮಾಸ್ತೆಯದು.

ಈ ವಿಪರ್ಯಾಸವನ್ನು ಲೆಕ್ಕ ಹಾಕಿ ನೋಡಿದವನು ಡೇವಿಡ್ ಬ್ಲೇಕ್ಲಿ. ಅವನು ಸಂಗೀತಗಾರನಲ್ಲ. ಮಿನೆಸೋಟಾ ಸಂಸ್ಥಾನದಲ್ಲಿ ಪತ್ರಿಕೆಗಳನ್ನು ನಡೆಸಿದವನು. ಅಲ್ಲಿಯ ಸರ್ಕಾರದಲ್ಲಿ ಕಾರ್ಯದರ್ಶಿಯ ಹುದ್ದೆಯಲ್ಲಿದ್ದವನು. ಷಿಕಾಗೋ ನಗರದಲ್ಲಿ ಮುದ್ರಣಾಲಯವನ್ನಿಟ್ಟುಕೊಂಡವನು. ಅನಂತರ ಪ್ಯಾಟ್ರಿಕ್ ಗಿಲ್ಮೋರನ ಬ್ಯಾಂಡಿನ ಪ್ರವಾಸಗಳನ್ನೂ, ೧೮೯೦ರಲ್ಲಿ ವಿಯೆನ್ನಾದ ಎಡ್ವರ್ಡ್ ಸ್ಟ್ರಾಸನ ವಾದ್ಯವೃಂದದ ಅಮೆರಿಕಾ ಪ್ರವಾಸವನ್ನೂ ನಡೆಸಿಕೊಟ್ಟನು. ದಿನಬೆಳಗಾದರೆ ಪತ್ರಿಕೆಯ ಪುಟಗಳನ್ನು ತುಂಬಬೇಕಾದ ಸಂಪಾದಕನ ಕಷ್ಟವನ್ನು ಅವನು ಒಳಗಿನಿಂದ ಬಲ್ಲವನು. ಅಚ್ಚಿಗೆ ಸಿದ್ಧವಾಗಿ ಬಂದ ಬರಹವನ್ನು, ಅದು ಓದಲು ಸ್ವಾರಸ್ಯವಾಗಿದ್ದರೆ, ಸಣ್ಣ ಊರಿನ ಸಂಪಾದಕನು ಹಿಂದಿರುಗಿಸುವುದಿಲ್ಲವೆಂಬುದು ಅವನ ಅನುಭವ. ೧೮೯೧ ಮತ್ತು ೧೮೯೨ರಲ್ಲಿ ಮೆರೀನ್ ಬ್ಯಾಂಡಿನ ಎರಡು ಪ್ರವಾಸಗಳನ್ನು ವಹಿಸಿಕೊಂಡು ನಡೆಸಿದ ಮೇಲೆ ಅವನು ಸೂಸಾನಿಗೆ ವರ್ಷಕ್ಕೆ ೬,೦೦೦ ಡಾಲರುಗಳ ಸಂಬಳವನ್ನೂ ಲಾಭದಲ್ಲಿ ಸೇಕಡಾ ೨೦ರಷ್ಟು ಪಾಲನ್ನೂ ಕೊಡುವುದಾಗಿ ಹೇಳಿ, ಸರ್ಕಾರದ ಕೆಲಸವನ್ನು ಬಿಡಿಸಿದನು. ವಾದ್ಯವೃಂದವು ಪ್ರಚಾರಕನನ್ನು ನೇಮಿಸಿಕೊಂಡಿತೆನ್ನುವುದಕ್ಕಿಂತ ಪ್ರಚಾರವನ್ನು ಬಲ್ಲವನೊಬ್ಬನು ವಾದ್ಯವೃಂದವನ್ನು ನೇಮಿಸಿಕೊಂಡನೆಂದರೆ ವಾಸ್ತವಕ್ಕೆ ಹತ್ತಿರ.

ಮೊದಲ ಹೆಜ್ಜೆಯಲ್ಲಿಯೇ ಎಡವಿದುದೂ ಉಂಟು. ಹೊಸ ತಂಡವನ್ನು 'ಸೂಸಾನ ನೂತನ ಮೆರೀನ್ ಬ್ಯಾಂಡ್' ಎಂದು ಸಾರಲಾಯಿತು. ರಾಜಧಾನಿಯಲ್ಲಿ ಇದಕ್ಕೆ ಆಕ್ಷೇಪಣೆ ಎದ್ದಿತು, ಹೆಸರನ್ನು ಹಿಂತೆಗೆದುಕೊಳ್ಳಬೇಕಾಯಿತು. ರಾಷ್ಟ್ರದ ಹೆಸರನ್ನು ಖಾಸಗಿ ವ್ಯಾಪಾರಕ್ಕೆ ಬಳಸಿಕೊಂಡುದು ತಪ್ಪೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ತಪ್ಪಿನ ಹಿಂದಿದ್ದ ಭಯವನ್ನೂ ಗಮನಿಸಬೇಕು. ಸೂಸಾ ಎಂಬ ಹೆಸರೊಂದೇ ಜನರನ್ನು ಕರೆತರಬಲ್ಲುದೆಂದು ಆಗ ಯಾರಿಗೂ ಭರವಸೆಯಿರಲಿಲ್ಲ.

೧೮೯೨ರ ಸೆಪ್ಟೆಂಬರ್ ೨೬ರಂದು ನ್ಯೂ ಜರ್ಸಿಯ ಪ್ಲೇನ್‌ಫೀಲ್ಡ್ ಊರಿನಲ್ಲಿ ಮೊದಲ ಕಚೇರಿ ನಡೆಯಿತು. ಅದಕ್ಕೆ ಎರಡು ದಿನ ಹಿಂದೆ ಸೇಂಟ್ ಲೂಯಿಯಲ್ಲಿ ಗಿಲ್ಮೋರನು ಮರಣ ಹೊಂದಿದ್ದನು. ಅಮೆರಿಕಾದ ಅತ್ಯಂತ ಪ್ರಸಿದ್ಧ ಬ್ಯಾಂಡು ನಾಯಕನಿಲ್ಲದೆ ಉಳಿಯಿತು. ಕಾಲಕ್ರಮದಲ್ಲಿ ಅದರ ಹತ್ತೊಂಬತ್ತು ಮಂದಿ ವಾದಕರು ಸೂಸಾನ ತಂಡವನ್ನು ಸೇರಿದರು. ಪ್ರಚಾರದ ಶಕ್ತಿಯನ್ನು ವರ್ಣಿಸಹೊರಟವರು ಈ ಸಂಗತಿಯನ್ನು ಮರೆಯಬಾರದು. ಬ್ಲೇಕ್ಲಿ ಎಷ್ಟೇ ಚತುರನಾಗಿದ್ದರೂ ತೆರವಾದ ಸಿಂಹಾಸನವನ್ನು ಅವನು ಸೃಷ್ಟಿಸಿದವನಲ್ಲ.

ಮುಂದಿನ ವರ್ಷಗಳಲ್ಲಿ ರೂಢಿಗೆ ಬಂದ ಕಾರ್ಯಕ್ರಮವನ್ನು ಸ್ವಲ್ಪ ವಿವರಿಸುವುದು ಅವಶ್ಯ. ಸುಮಾರು ೫೦ ಮಂದಿ ವಾದಕರು ರೈಲಿನಲ್ಲಿ ಊರಿಂದೂರಿಗೆ ಸಾಗುತ್ತಿದ್ದರು. ಮಧ್ಯಾಹ್ನ ಒಂದು ಊರಿನಲ್ಲಿ, ರಾತ್ರಿ ಇನ್ನೊಂದು ಊರಿನಲ್ಲಿ ಕಚೇರಿ ನಡೆಸಿದ ದಿನಗಳು ಅನೇಕ. ಒಂದು ಸಂಜೆ ಆಸನಗಳು ಖಾಲಿ ಉಳಿದರೆ ಆ ನಷ್ಟವನ್ನು ಮರುದಿನ ತುಂಬಿಕೊಳ್ಳುವಂತಿಲ್ಲ, ಏಕೆಂದರೆ ಮರುದಿನ ಬೇರೊಂದು ಊರು. ಆದುದರಿಂದ ತಂಡಕ್ಕಿಂತ ಮುಂದಾಗಿ ಸಾಗುವ ಪ್ರತಿನಿಧಿಯ ಕೆಲಸವೇ ಎಲ್ಲಕ್ಕೂ ಆಧಾರ. ಸಭಾಂಗಣವನ್ನು ಗೊತ್ತುಮಾಡುವುದು, ಭಿತ್ತಿಪತ್ರಗಳನ್ನು ಹಚ್ಚಿಸುವುದು, ಪತ್ರಿಕೆಯಲ್ಲಿ ಹಣ ಕೊಟ್ಟು ಜಾಹೀರಾತು ಹಾಕಿಸುವುದು, ಆ ಜಾಹೀರಾತಿನ ಸೌಹಾರ್ದದಿಂದಲೇ ಹಣ ಕೊಡದೆ ಸುದ್ದಿಯನ್ನೂ ಹಾಕಿಸುವುದು, ನಾಯಕನ ಭಾವಚಿತ್ರವನ್ನೊದಗಿಸುವುದು, ಇವೆಲ್ಲ ಅವನ ಹೊಣೆ. ಪತ್ರಿಕೆಯವರಿಗೆ ಉಚಿತ ಪ್ರವೇಶಪತ್ರಗಳನ್ನು ಕೊಡುವುದು ಅಮೆರಿಕಾದ ರಂಗಭೂಮಿಯಲ್ಲಿ ಮೊದಲಿನಿಂದಲೂ ಇದ್ದ ಪದ್ಧತಿ.

ಇಲ್ಲಿ ಚರಿತ್ರೆಯ ವಿದ್ಯಾರ್ಥಿಯು ನಿಂತು ಯೋಚಿಸಬೇಕು. ಒಂದು ಊರಿನ ಪತ್ರಿಕೆಯಲ್ಲಿ ಬ್ಯಾಂಡಿನ ಹಿರಿಮೆಯನ್ನು ಕುರಿತ ಬರಹವು ದೊರೆತರೆ ನಾವು ಅದನ್ನು ಸಮಕಾಲೀನ ಸಾಕ್ಷ್ಯವೆಂದು ಆದರದಿಂದ ಬರೆದುಕೊಳ್ಳುತ್ತೇವೆ. ಆದರೆ ಅದು ಕಚೇರಿಗೆ ಮೊದಲು ಬಂದುದೋ ಅನಂತರ ಬಂದುದೋ? ಮೊದಲು ಬಂದುದಾದರೆ ಬರೆದವನು ಆ ಊರಿನವನಲ್ಲದಿರಬಹುದು. ಅದೇ ವಾಕ್ಯಗಳು ನೂರು ಮೈಲಿ ಆಚೆಯ ಪತ್ರಿಕೆಯಲ್ಲಿಯೂ ಇರಬಹುದು. ಅನಂತರ ಬಂದುದಾದರೂ, ವಿಮರ್ಶಕನು ಕಿವಿಯಿಂದ ಕೇಳಿದುದೆಷ್ಟು, ಕಣ್ಣಿನಿಂದ ಓದಿದುದೆಷ್ಟು ಎಂಬುದನ್ನು ಬೇರ್ಪಡಿಸುವುದು ಸುಲಭವಲ್ಲ. ಎರಡು ಊರಿನ ಪತ್ರಿಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದಲ್ಲದೆ ಈ ಕೈವಾಡ ಹೊರಬೀಳುವುದಿಲ್ಲ.

ಹಾಗೆಂದು ಎಲ್ಲವೂ ಸುಳ್ಳೆಂದು ತಳ್ಳಿಹಾಕುವುದೂ ಅವಿಚಾರವೇ. ೧೮೫೦ರಲ್ಲಿ ಪಿ. ಟಿ. ಬಾರ್ನಮ್ ಎಂಬ ಪ್ರದರ್ಶನ ವ್ಯಾಪಾರಿಯು ಸ್ವೀಡನ್ನಿನ ಗಾಯಕಿ ಜೆನ್ನಿ ಲಿಂಡಳನ್ನು ಅಮೆರಿಕಾಕ್ಕೆ ಕರೆತಂದಾಗ, ಆಕೆಯ ಕಂಠವನ್ನು ಅಲ್ಲಿ ಎಂದೂ ಕೇಳದ ಸಹಸ್ರಾರು ಜನ ಹಡಗುಕಟ್ಟೆಯಲ್ಲಿ ನೆರೆದಿದ್ದರು. ಮೊದಲ ಕಚೇರಿಯ ಮೊದಲ ಟಿಕೀಟನ್ನು ಹರಾಜಿನಲ್ಲಿ ಟೋಪಿಯ ವ್ಯಾಪಾರಿಯೊಬ್ಬನು ೨೨೫ ಡಾಲರುಗಳಿಗೆ ಕೊಂಡನು. ಅದು ಒಂದೇ ಬಾರಿ ಬಂದು ಹೋಗುವ ಅದ್ಭುತದ ಮಾರಾಟ. ಸೂಸಾನಾದರೋ ಅದೇ ಊರುಗಳಿಗೆ ಮತ್ತೆ ಮತ್ತೆ ಬರಬೇಕಾದವನು. ಭಿತ್ತಿಪತ್ರದಲ್ಲಿ ಹೇಳಿದುದು ವೇದಿಕೆಯ ಮೇಲೆ ದೊರೆಯದಿದ್ದರೆ ಮುಂದಿನ ಸಲ ಆಸನಗಳು ಖಾಲಿ. ಅವನ ಕಚೇರಿಗಳು ಗೊತ್ತಾದ ನಿಮಿಷಕ್ಕೆ ಸರಿಯಾಗಿ ಆರಂಭವಾಗುತ್ತಿದ್ದುವು. ಅಚ್ಚಾದ ಕಾರ್ಯಕ್ರಮದ ಪ್ರತಿ ಕೃತಿಯ ಅನಂತರವೂ, ಚಪ್ಪಾಳೆ ಅಡಗುವ ಮೊದಲೇ, ಜನ ಬಯಸುವ ಮಾರ್ಚೊಂದು ಮೊದಲಾಗುತ್ತಿದ್ದಿತು. ಅದರ ಹೆಸರನ್ನು ಬರೆದ ಫಲಕವನ್ನು ಒಬ್ಬನು ಎತ್ತಿ ತೋರಿಸುತ್ತಿದ್ದನು. ಕೊಟ್ಟ ಹಣಕ್ಕೆ ಕೇಳಿದುದಕ್ಕಿಂತ ಹೆಚ್ಚು ದೊರೆಯಿತೆಂಬ ತೃಪ್ತಿಯನ್ನು ಯಾವ ಪತ್ರಿಕಾ ಬರಹವೂ ಕೊಡಲಾರದು. ಬ್ಲೇಕ್ಲಿಯ ಜಾಣ್ಮೆಯನ್ನು ಹೊಗಳುವವರು ಈ ಶಿಸ್ತಿಗೆ ಅದರ ಪಾಲನ್ನು ಕೊಟ್ಟಿರುವುದು ಕಡಮೆ.

ಬ್ಲೇಕ್ಲಿಯು ೧೮೯೬ರ ನವೆಂಬರ್ ೭ರಂದು ನ್ಯೂಯಾರ್ಕಿನಲ್ಲಿ ಹಠಾತ್ತಾಗಿ ತೀರಿಕೊಂಡನು. ಯೂರೋಪಿನಲ್ಲಿ ವಿಶ್ರಾಂತಿಗೆ ಹೋಗಿದ್ದ ಸೂಸಾ ಸುದ್ದಿ ತಿಳಿದು ಹೊರಟು ಬಂದನು. ಆ ಹಡಗಿನ ಪ್ರಯಾಣದಲ್ಲಿಯೇ 'ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್ ಫಾರೆವರ್' ಎಂಬ, ಅವನ ಕೃತಿಗಳಲ್ಲೆಲ್ಲ ಪ್ರಸಿದ್ಧವಾದುದು ಮನಸ್ಸಿನಲ್ಲಿ ರೂಪುಗೊಂಡಿತೆಂದು ಅವನು ಹೇಳಿಕೊಂಡಿದ್ದಾನೆ. ಕಲೆಯ ಚರಿತ್ರೆಯಲ್ಲಿ ಈ ಪ್ರಯಾಣಕ್ಕೆ ಸ್ಥಾನವುಂಟು. ಅದರ ಹಿಂದೆಯೇ ಬಂದ ವ್ಯಾಜ್ಯಕ್ಕೆ ಇನ್ನೂ ದೊರೆತಿಲ್ಲ. ೧೮೯೩ರಿಂದ ಈಚೆಗೆ ಸೂಸಾ ತನ್ನ ಕೃತಿಗಳನ್ನು ಒಂದೇ ಬೆಲೆಗೆ ಮಾರಿಬಿಡದೆ ರಾಯಲ್ಟಿಗೆ ಕೊಡುತ್ತಿದ್ದನು. ಕರಾರಿನಂತೆ ಆ ಹಣದಲ್ಲಿ ಬ್ಲೇಕ್ಲಿಗೂ ಪಾಲಿದ್ದಿತು. ಅವನ ವಿಧವೆ ಈ ಹಕ್ಕುಗಳು ತನಗೆ ಬರಬೇಕೆಂದಳು. ೧೮೯೭ರಲ್ಲಿ ಸಂಬಂಧ ಮುರಿಯಿತು. ಮೊಕದ್ದಮೆಯು ೧೯೦೦ರಲ್ಲಿ ಪೆನ್ಸಿಲ್ವೇನಿಯಾ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು.

ಲೆಕ್ಕಪತ್ರಗಳ ಜಗಳವೆಂದು ಇದನ್ನು ದಾಟಿಹೋಗುವುದು ವಿಹಿತವಲ್ಲ. ೧೮೯೨ರಲ್ಲಿ ಸಂದೇಹಾಸ್ಪದವಾಗಿದ್ದ ಹೆಸರೊಂದು ನಾಲ್ಕೇ ವರ್ಷಗಳಲ್ಲಿ ಆಸ್ತಿಯಾಯಿತು. ಅದನ್ನು ಆಸ್ತಿಯಾಗಿ ಮಾಡಿದವರು ಯಾರು? ಬೆತ್ತ ಹಿಡಿದು ನಿಂತವನೋ, ಊರೂರಿನ ಗೋಡೆಯ ಮೇಲೆ ಆ ಹೆಸರನ್ನು ಬರೆಸಿದವನೋ? ಹೆಸರು ಹೆಸರಿನವನಿಂದ ಬೇರೆಯಾಗಿ ಬದುಕಬಲ್ಲುದೆಂಬುದಕ್ಕೆ ಮತ್ತೊಂದು ನಿದರ್ಶನ ಧ್ವನಿಮುದ್ರಿಕೆಗಳು. ಯಂತ್ರಸಂಗೀತವನ್ನು ಸೂಸಾ ೧೯೦೬ರಲ್ಲಿ ಒಂದು ಪ್ರಬಂಧವನ್ನೇ ಬರೆದು ಖಂಡಿಸಿದನು. ಆದರೂ ಅವನ ಬ್ಯಾಂಡಿನ ಹೆಸರಿನಲ್ಲಿ ಬಂದ ತಟ್ಟೆಗಳು ಬಹುಸಂಖ್ಯೆಯಲ್ಲಿ ಮಾರಾಟವಾದುವು. ಅವುಗಳಲ್ಲಿ ಹೆಚ್ಚಿನವನ್ನು ನಿರ್ದೇಶಿಸಿದವರು ಆರ್ಥರ್ ಪ್ರಯರನೇ ಮೊದಲಾದ ಅನ್ಯರು.

ಬ್ಲೇಕ್ಲಿಯ ಅನಂತರ ಈ ಕೆಲಸಕ್ಕೆ ಬಂದವರಲ್ಲಿ ಜಾರ್ಜ್ ಫ್ರೆಡರಿಕ್ ಹಿಂಟನ್ ಮುಖ್ಯನು. ನಾವು ಮೊದಲು ಸೂಚಿಸಿದ ತಪ್ಪು ಇವನಿಗೆ ಸಂಬಂಧಿಸಿದುದು. ಇಂಗ್ಲಿಷಿನಲ್ಲಿ ಸೂಸಾ ಎಂಬ ಹೆಸರಿಗೆ ಐದು ಅಕ್ಷರಗಳು: ಎಸ್, ಓ, ಯು, ಎಸ್, ಎ. ಕೊನೆಯ ಮೂರು ಅಕ್ಷರಗಳು ಅಮೆರಿಕಾ ದೇಶದ ಹ್ರಸ್ವನಾಮ. ಬ್ಯಾಂಡು ೧೯೦೦ರಿಂದ ಯೂರೋಪಿನಲ್ಲಿ ಪ್ರವಾಸಮಾಡಿದ ಕಾಲದಲ್ಲಿ ಒಂದು ಕಥೆ ಹುಟ್ಟಿತು. ಓಕ್ಸ್ ಎಂಬ ಜರ್ಮನ್ ಸಂಗೀತಗಾರನೊಬ್ಬನು ಅಮೆರಿಕಾಕ್ಕೆ ವಲಸೆ ಹೋದನಂತೆ. ತನ್ನ ಪೆಟ್ಟಿಗೆಯ ಮೇಲೆ ಹೆಸರಿನ ಎರಡು ಮೊದಲಕ್ಷರಗಳನ್ನೂ ದೇಶದ ಮೂರು ಅಕ್ಷರಗಳನ್ನೂ ಬರೆದುಕೊಂಡಿದ್ದನಂತೆ. ಅವನ್ನು ಕೂಡಿಸಿ ಓದಿದವರು ಅವನನ್ನು ಸೂಸಾ ಎಂದು ಕರೆದರಂತೆ. ಇಂಗ್ಲೆಂಡಿನಲ್ಲಿ ಅದೇ ಮನುಷ್ಯ ಯಾರ್ಕ್‌ಷೈರಿನ ಸ್ಯಾಮ್ ಆಗ್ಡನ್ ಆದನು. ಇನ್ನೊಂದು ಪಾಠದಲ್ಲಿ ಫಿಲಿಪ್ಸೋ ಎಂಬ ಗ್ರೀಕನಾದನು. ಯಾವ ದೇಶದವರಿಗೆ ಹೇಳಿದರೂ ನಾಯಕನು ಅವರವನೇ!

ಈ ಕಥೆಯನ್ನು ನಾವು ಹಳೆಯ ಸಂಗ್ರಹವೊಂದರಲ್ಲಿ ಓದಿ, ವಲಸೆಗಾರರ ಹೆಸರುಗಳು ಅಮೆರಿಕಾದಲ್ಲಿ ಹೇಗೆ ಮಾರ್ಪಟ್ಟುವೆಂಬುದಕ್ಕೆ ಉದಾಹರಣೆಯಾಗಿ ಎರಡು ವರ್ಷ ತರಗತಿಯಲ್ಲಿ ಹೇಳಿದೆವು. ವಿದ್ಯಾರ್ಥಿಗಳು ಸಂತೋಷದಿಂದ ಬರೆದುಕೊಂಡರು. ಒಬ್ಬಿಬ್ಬರು ಪರೀಕ್ಷೆಯಲ್ಲಿಯೂ ಬರೆದರು, ನಾವು ಅಂಕ ಕೊಟ್ಟೆವು. ಪರಿಶೀಲಿಸುವುದಕ್ಕೆ ಬೇಕಾಗಿದ್ದ ಆಧಾರ ಬಹಳ ಸರಳವಾದುದು. ಸೂಸಾ ವಲಸೆ ಬಂದವನೇ ಅಲ್ಲ, ವಾಷಿಂಗ್ಟನ್ನಿನಲ್ಲಿ ಹುಟ್ಟಿದವನು. ಸೂಸಾ ಎಂಬುದು ಪೋರ್ಚುಗೀಸರಲ್ಲಿ ಸರ್ವಸಾಮಾನ್ಯವಾದ ಮನೆತನದ ಹೆಸರು. ತಂದೆಯ ಹೆಸರೂ ಸೂಸಾ ಎಂದೇ ಇದ್ದಿತು. ೧೮೫೪ರ ಜ್ಞಾನಸ್ನಾನದ ದಾಖಲೆಯಲ್ಲಿ ಮಗುವಿನ ಹೆಸರು ಸ್ಪಷ್ಟವಾಗಿದೆ. ಸೂಸಾ ತಾನೇ ಇದನ್ನೆಲ್ಲ ಬರೆದು ಕಥೆಯನ್ನು ಅಲ್ಲಗಳೆದನು; ತನ್ನ ವೃತ್ತಿಜೀವನದಲ್ಲಿ ದೊರೆತ ಅತ್ಯುತ್ತಮ ಜಾಹೀರಾತುಗಳಲ್ಲಿ ಅದೂ ಒಂದೆಂಬುದನ್ನು ಒಪ್ಪಿಕೊಂಡು, ಅದರ ಜನಕನು ಹಿಂಟನ್ನನೆಂದು ತಿಳಿಸಿದನು. ಅಲ್ಲಗಳೆದಷ್ಟೂ ಕಥೆ ಬೆಳೆಯಿತು. ಪ್ರಚಾರಕನಿಗೆ ಸಂಬಳ ನಿಂತ ಮೇಲೆಯೂ ಪ್ರಚಾರ ನಿಲ್ಲಲಿಲ್ಲ.

ನಮ್ಮ ತಪ್ಪನ್ನು ತಿಳಿದ ಮೇಲೆ ತರಗತಿಯಲ್ಲಿ ಅದನ್ನು ಹೇಳಿ, ಕಥೆಯು ಹಿಂಟನ್ನನ ಸೃಷ್ಟಿಯೆಂದು ತಿದ್ದಿದೆವು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು, "ಸಾರ್, ಕಥೆ ಕಟ್ಟಿದವನು ಅವನೇ ಎಂಬುದನ್ನಾದರೂ ಹೇಗೆ ನಂಬುವುದು? ಅವನೂ ಪ್ರಚಾರಕನೇ ಅಲ್ಲವೆ?" ಎಂದು ಕೇಳಿದಳು. ಹೆಸರಿನ ವಿಚಾರಕ್ಕೆ ಜ್ಞಾನಸ್ನಾನದ ದಾಖಲೆಯನ್ನು ತೋರಿಸಬಹುದು. ಈ ಪ್ರಶ್ನೆಗೆ ತೋರಿಸಬಲ್ಲ ದಾಖಲೆ ನಮ್ಮಲ್ಲಿರಲಿಲ್ಲವಾಗಿ ಆ ದಿನದ ಪಾಠವನ್ನು ಅಲ್ಲಿಗೇ ನಿಲ್ಲಿಸಿದೆವು.